ಹಂಜಾ ಆಯಿಯ ಹಾಲುಗೆರೆ

ಇದು ನಮ್ಮ ಚಿಕ್ಕಪ್ಪನ ಮಗ ಹಡಮತ ಸಿಂಗನಿಗೆ ಆದದ್ದು. ಯಾರೋ ಹೇಳಿ ನಾನು ಕೇಳಿದ್ದಲ್ಲ. ಆ ರಾತ್ರಿ ಅವನು ಓಡಿಬಂದು ಬಡಿದದ್ದು ನನ್ನ ಮನೆಯ ಬಾಗಿಲನ್ನು. ಅವನಿಗೆ ನೀರು ಕೊಟ್ಟವನು ನಾನು. ಹಂಜಾ ತಾಯಿಯ ಗುಡಿಯ ದೀಪದ ಮುಂದೆ ಕೂತು ಬರೆಯುತ್ತಿದ್ದೇನೆ, ಒಂದಕ್ಷರ ಹೆಚ್ಚು ಸೇರಿಸುವುದಿಲ್ಲ. ಕಡಿಮೆ ಮಾಡುವ ಆಸೆ ಮಾತ್ರ ತುಂಬಾ ಇದೆ... ಅದನ್ನೂ ಮಾಡುವುದಿಲ್ಲ.

ಮಾಘದ ಕೃಷ್ಣಪಕ್ಷ. ಹಡಮತ ಹೆಂಡತಿಯ ತವರೂರಿಗೆ ಸಾವಿನ ಮನೆ ಮಾತಾಡಿಸಲು ಹೋಗಿದ್ದ. ಕೊನೆಯ ಬಸ್ಸು ಅವನನ್ನು ಡಾಂಬರು ರಸ್ತೆಯಲ್ಲಿ ಇಳಿಸಿದಾಗ ರಾತ್ರಿ ಹತ್ತೂವರೆ. ಬಸ್ಸಿನ ಸದ್ದು ಸಣ್ಣಗಾಗಿ ಸತ್ತುಹೋಯಿತು. ಆಮೇಲೆ ಉಳಿದದ್ದು ಎರಡೇ ಸದ್ದು. ದೂರದ ಗಾಳಿಗಿರಣಿಗಳ ರೆಕ್ಕೆ... ವೂಪ್... ವೂಪ್... ಮತ್ತೊಂದು, ಅವನ ಹೊಸ ಬೂಟಿನ ಅಡಿಯಲ್ಲಿ ಮರಳು ಕಿರ್ರೆನ್ನುವುದು.

ರಸ್ತೆಯಿಂದ ನಮ್ಮೂರಿಗೆ ಒಂದು ಹರದಾರಿ. ದಾರಿ ಹಂಜಾ ಆಯಿಯ ಬಾವಿಯನ್ನು ಒತ್ತಿಕೊಂಡೇ ಬರುತ್ತದೆ. ಬಾವಿಯ ಹತ್ತಿರ ಬಂದಾಗ ಚಳಿಗೆ ಹೊದ್ದ ಕಂಬಳಿಯೊಳಗೆ ಅವನಿಗೆ ಮೂರನೆಯ ಸದ್ದು ಕೇಳಿಸಿತು.

ಪಿಸ್... ಪಿಸ್... ಪಿಸ್...

ಮರಳಿನ ಮೇಲೆ ನೀರು ಬಿದ್ದರೆ ಚಟಚಟ ಎನ್ನುತ್ತದೆ. ಹಾಲು ಬಿದ್ದರೆ ಹಾಗಲ್ಲ. ಹಾಲು ಮೆತ್ತಗೆ ಬೀಳುತ್ತದೆ, ಕಿವಿಯಲ್ಲಿ ಗುಟ್ಟು ಹೇಳಿದ ಹಾಗೆ. ಈ ವ್ಯತ್ಯಾಸ ಊರಿನಲ್ಲಿ ಎಲ್ಲರಿಗೂ ತಿಳಿಯದು. ಹಡಮತನಿಗೆ ತಿಳಿಯುತ್ತದೆ, ನನಗೆ ತಿಳಿಯುತ್ತದೆ. ನಮ್ಮ ಮನೆತನದ ಕಿವಿಗೆ ಆ ಸದ್ದಿನ ಗುರುತಿದೆ.

ಯಾಕೆ ಎನ್ನುವುದನ್ನು ಹೇಳದೆ ಮುಂದೆ ಹೋದರೆ ನಿಮಗೆ ತಿಳಿಯುವುದಿಲ್ಲ.

ನಮ್ಮೂರಿನ ಸುತ್ತ ಹಂಜಾ ಆಯಿಯ ಓರಣವಿದೆ. ಓರಣವೆಂದರೆ ತಾಯಿಗೆ ಬಿಟ್ಟ ನೆಲ. ಅಲ್ಲಿ ಒಂಟೆ ಮೇಯಬಹುದು, ಹಸು ಮೇಯಬಹುದು, ಜಿಂಕೆ ಮಲಗಬಹುದು. ಕೊಡಲಿ ಮಾತ್ರ ಹೋಗುವಂತಿಲ್ಲ. ಬಿದ್ದ ಒಣಕಡ್ಡಿಯನ್ನೂ ಒಲೆಗೆ ತರುವುದಿಲ್ಲ. ಹಿಂದೆ ಎರಡು ರಾಜ್ಯದವರು ಈ ನೆಲಕ್ಕಾಗಿ ಕತ್ತಿ ಹಿರಿದು ನಿಂತಾಗ ನಮ್ಮ ಮನೆಯ ಹೆಣ್ಣುಮಗಳು ಹಂಜಾ ಗಿಂಡಿ ತುಂಬ ಹಾಲು ಹಿಡಿದು ನಡುವೆ ಬಂದಳಂತೆ. ನನ್ನ ಹಾಲು ಬಿದ್ದಲ್ಲಿಂದ ಒಳಗೆ ಕಬ್ಬಿಣ ಬೇಡ ಎಂದಳಂತೆ. ಬರಿಗಾಲಲ್ಲಿ ನೆಲದ ಸುತ್ತ ಹಾಲಿನ ಗೆರೆ ಎಳೆದು, ಗೆರೆಯ ತುದಿಗೆ ತುದಿ ಕೂಡಿದ ಜಾಗದಲ್ಲಿ ಕೂತವಳು ಮತ್ತೆ ಏಳಲಿಲ್ಲ. ಅಲ್ಲೇ ಅವಳ ಗುಡಿ.

ಅಂದಿನಿಂದ ಪ್ರತಿ ಕಾರ್ತಿಕ ಹುಣ್ಣಿಮೆಗೆ ಆ ಗೆರೆಯನ್ನು ಮತ್ತೆ ಎಳೆಯುತ್ತೇವೆ. ಊರಿನ ಪ್ರತಿ ಮನೆಯಿಂದಲೂ ಹಾಲು ಬರಬೇಕು, ನೇಯುವ ಮೇಘವಾಲರ ಮನೆಯದೂ, ಒಂಟೆ ಸಾಕುವ ರಬಾರಿಗಳದೂ, ಹಾಡುವ ಮಾಂಗಣಿಯಾರರದೂ. ಎಲ್ಲವೂ ಒಂದೇ ಕೊಡಕ್ಕೆ, ಮೇಲೆ ಎರಡು ಹನಿ ಗಂಗಾಜಲ. ಗಿಂಡಿ ಹಿಡಿಯುವ ಹಕ್ಕು ನಮ್ಮ ಮನೆತನದ್ದು. ಬರಿಗಾಲು, ಬಾಯಲ್ಲಿ ಮಾತಿಲ್ಲ. ಧಾರೆ ಕಡಿಯಬಾರದು, ಕಡಿದರೆ ಮತ್ತೆ ಮೊದಲಿಂದ. ಹಿಂದೆ ಒಂಟೆಯ ಮೇಲೆ ಕೊಡಗಳು ಬರುತ್ತವೆ, ಗಿಂಡಿ ಖಾಲಿಯಾಗುವ ಮುಂಚೆ ಒಬ್ಬ ಮೇಲಿನಿಂದ ತುಂಬುತ್ತಾ ಹೋಗುತ್ತಾನೆ. ಹನ್ನೊಂದು ವರ್ಷ ಗಿಂಡಿ ಹಿಡಿದವನು ಹಡಮತ. ತುಂಬಿದವನು ನಾನು.

ಈ ಗಡಿಗೆ ಕಲ್ಲಿಲ್ಲ, ಬೇಲಿಯಿಲ್ಲ, ಕಾಗದವಿಲ್ಲ. ಸರ್ಕಾರದ ಪುಸ್ತಕದಲ್ಲಿ ಈ ನೆಲಕ್ಕೆಲ್ಲಾ ಪಾಳುಭೂಮಿ ಎಂದೇ ಬರೆದಿದೆ. ಬಿಸಿಲಿನಿಂದ ಕರೆಂಟು ಮಾಡುವ ಕಂಪನಿಯವರು ಬಂದು ಆ ಪಾಳುಭೂಮಿಯನ್ನು ಕೇಳಿದರು. ಊರವರು ಜಿಲ್ಲಾ ಕಚೇರಿಯ ಮುಂದೆ ಹನ್ನೆರಡು ದಿನ ಕೂತೆವು. ಕೊನೆಗೆ ಸರ್ಕಾರದ ಆದೇಶ ಆಯಿತು: ಓರಣದ ಗಡಿಯನ್ನು ಊರವರೇ ನಡೆದು ತೋರಿಸಲಿ, ಭೂಲೆಕ್ಕದ ಪಟವಾರಿ ಅಳೆದುಕೊಳ್ಳಲಿ, ಗಡಿಯೊಳಗಿನದನ್ನು ಬಿಟ್ಟುಬಿಡೋಣ. ಇದಕ್ಕಿಂತ ನ್ಯಾಯ ಏನು ಬೇಕು? ಊರು ಹಡಮತನನ್ನೂ ನನ್ನನ್ನೂ ಆರಿಸಿತು. ಆ ದಾರಿ ನಮ್ಮ ಕಾಲಿಗೆ ಕಣ್ಣುಮುಚ್ಚಿದರೂ ಗೊತ್ತು.

ಅಳತೆಯ ದಿನ ಪಟವಾರಿ ಜೀಪಿನಲ್ಲಿ ಬಂದ. ಅಲ್ವರ್ ಜಿಲ್ಲೆಯ ಕಡೆಯ ಹುಡುಗ, ಕಣ್ಣಿಗೆ ಕಪ್ಪು ಕನ್ನಡಕ. ಜೊತೆಗೆ ಕಂಪನಿಯವರು ಮೂವರು. ಉದ್ದ ಕೋಲಿನ ತುದಿಗೆ ಒಂದು ಯಂತ್ರ ಸಿಕ್ಕಿಸಿದ್ದರು.

"ಗಡಿಕಲ್ಲು ಎಲ್ಲಿದೆ?" ಅಂದ.

"ಕಲ್ಲಿಲ್ಲ ಹುಕುಂ," ದೊಡ್ಡವರನ್ನು ನಮ್ಮ ಕಡೆ ಕರೆಯುವ ಹಾಗೆ ಅಂದ ಹಡಮತ. "ಹಾಲಿನ ಗೆರೆ."

"ಏನದು?"

"ಹಾಲು... ಹಾಲು ಹಾಕ್ತೀವಿ."

ಪಟವಾರಿ ಕನ್ನಡಕ ತೆಗೆದು ನೋಡಿದ. "ಪ್ಯಾಕೆಟ್ ಹಾಲೋ, ಎಮ್ಮೆ ಹಾಲೋ? ಮ್ಯಾಪಲ್ಲಿ ಬರೀಬೇಕಲ್ಲ ನಾನು." ಕಂಪನಿಯವರು ನಕ್ಕರು.

ಹಡಮತ ಬೂಟು ಬಿಚ್ಚಲು ಬಗ್ಗಿದ್ದ. ಲಾಡಿಯ ಬೂಟು, ಅವತ್ತಿಗಾಗಿಯೇ ಹಾಕಿಕೊಂಡು ಬಂದದ್ದು. "ಯಾಕ್ರೀ, ಮದುವೆ ಮಂಟಪಕ್ಕೆ ಹೋಗ್ತಿದೀರಾ?" ಅಂದ ಪಟವಾರಿ. "ಮುಳ್ಳಿದೆ, ನಡೀರಿ ಹಾಗೇ."

ಹಡಮತ ಬಗ್ಗಿದವನು ಎದ್ದ. ಲಾಡಿಯನ್ನು ಬಿಗಿ ಮಾಡಿಕೊಳ್ಳುತ್ತಿದ್ದವನ ಹಾಗೆ ಎದ್ದ. ನಾನು ನನ್ನ ಮೆಟ್ಟಿನ ಕಡೆ ನೋಡಿಕೊಂಡೆ. ಬಿಡಲಿಲ್ಲ.

ಪೂರ್ವದಿಂದ ಹೊರಟು ದಕ್ಷಿಣ ಮುಗಿಸಿ ಪಶ್ಚಿಮಕ್ಕೆ ಬಂದೆವು. ಪಶ್ಚಿಮದಲ್ಲಿ ನಮ್ಮ ಗೆರೆ ದಿಬ್ಬದ ಬುಡ ಬಿಟ್ಟು, ಒಂಟೆಯ ಡುಬ್ಬದ ಹಾಗೆ ಹೊರಕ್ಕೆ ಉಬ್ಬಿ, ಹಂಜಾ ಆಯಿಯ ಬಾವಿಯನ್ನೂ ಇನ್ನೂರು ಮುನ್ನೂರು ಬನ್ನಿ ಮರಗಳನ್ನೂ ಸುತ್ತುಹಾಕಿ ಮತ್ತೆ ದಿಬ್ಬದ ಬುಡಕ್ಕೆ ಬಂದು ಕೂಡುತ್ತದೆ. ಹಡಮತ ಡುಬ್ಬದ ಕಡೆಗೆ ತಿರುಗಿದ.

"ಅಲ್ಲೆಲ್ಲಿ ಹೋಗ್ತೀರಿ?" ಅಂದ ಪಟವಾರಿ. "ಇಷ್ಟು ನೆಟ್ಟಗೆ ಬಂದ ಗಡಿ ಇಲ್ಯಾಕೆ ಸೊಟ್ಟಗಾಯ್ತು? ನಿಮ್ಮಜ್ಜಿ ಇಲ್ಲಿ ಹಾವು ಕಂಡು ಓಡಿದ್ಲಾ?"

ಎಲ್ಲರೂ ನಕ್ಕರು. ಒಬ್ಬನಂತೂ ಕೋಲು ಹಿಡಿದುಕೊಂಡೇ ಬಗ್ಗಿ ನಕ್ಕ.

ಹಡಮತನೂ ನಕ್ಕ. ಅವನ ನಗು ನನಗೆ ಈಗಲೂ ಕೇಳಿಸುತ್ತದೆ... ಹೆ ಹೆ... ಗಂಟಲಿನಿಂದ ಅಲ್ಲ, ಹಲ್ಲಿನಿಂದ. ಎಂಟನೇ ಕ್ಲಾಸು ಓದಿದವನು, ಪೇಟೆಯಲ್ಲಿ ಆರು ವರ್ಷ ಕಾವಲು ಕೆಲಸ ಮಾಡಿ ಬಂದವನು. ಹಾಲಿನ ಗೆರೆಯನ್ನು ನಂಬುವ ಹಳ್ಳಿಗಮಾರ ಎಂದು ಆ ಹುಡುಗರ ಕಣ್ಣಲ್ಲಿ ಆಗುವುದು ಅವನಿಗೆ ಬೇಡವಾಗಿತ್ತು.

"ಇಲ್ಲ ಸಾಹೇಬ್ರೆ," ಅಂದ. "ಇಲ್ಲಿಂದ ನೆಟ್ಟಗೇ ಹೋಗತ್ತೆ."

ಡುಬ್ಬ ಬಿಟ್ಟು ನೆಟ್ಟಗೆ ನಡೆದ.

ನಾಲ್ಕು ಹೆಜ್ಜೆ ಹಿಂದೆ ನಾನಿದ್ದೆ. ಕೈಯಲ್ಲಿ ಸಾಹೇಬರಿಗೆ ಕುಡಿಯಲು ತಂದ ನೀರಿನ ತಂಬಿಗೆ ಇತ್ತು. ನಾನೂ ನಕ್ಕಿದ್ದೆ, ಅವರ ಜೊತೆಯಲ್ಲೇ. ನಾನೂ ನಡೆದೆ. ಡುಬ್ಬದ ಎರಡು ತುದಿಗೂ ಸುಣ್ಣ ಬಳಿದ ಕಲ್ಲು ನೆಟ್ಟರು. ಸಂಜೆ ನಕ್ಷೆಯ ಕೆಳಗೆ ಅವನು ಸಹಿ ಮಾಡಿದ, ಸಾಕ್ಷಿಯ ಪಂಚ ಎಂದು ನಾನು ಮಾಡಿದೆ. ನಾನೂರು ಬೀಘಾ ನೆಲ ಹೊರಗೆ ಹೋಯಿತು. ಬಾವಿಯೂ ಹೋಯಿತು.

ಊರಿಗೆ ಗೊತ್ತಾಗಲು ಮೂರು ದಿನ ಬೇಕಾಯಿತು. ರಬಾರಿ ಆಂಬಾರಾಮ ಒಂಟೆಗಳಿಗೆ ನೀರು ಕುಡಿಸಲು ಹೋದವನು ಕಲ್ಲು ಕಂಡು ಹಡಮತನ ಅಂಗಳಕ್ಕೆ ಬಂದ. ನಾನೂ ಅಲ್ಲೇ ಮಂಚದ ಮೇಲೆ ಕೂತಿದ್ದೆ.

"ಹುಕುಂ, ಬಾವಿ ಯಾವಾಗಿಂದ ಹೊರಗಾಯ್ತು?" ಅಂದ.

"ಮಿಷನ್ ಹಾಗೆ ತೋರಿಸ್ತು ಆಂಬಾ. ಅದು ಆಕಾಶದಿಂದ ನೋಡತ್ತೆ, ನಾವೇನು ಮಾಡೋಣ?"

"ಮಿಷನ್‌ಗೆ ಆಯಿ ಪರಿಚಯ ಇಲ್ಲ, ಪಾಪ. ನಿಮಗಿತ್ತಲ್ಲ?"

ಒಳಗಿನಿಂದ ಹಡಮತನ ಹೆಂಡತಿ ಉಗಮ ಕಂವರಳ ದನಿ ಬಂತು. ನಾನು ಭಾವನಾದ್ದರಿಂದ ನನ್ನೆದುರು ಅವಳು ಮುಸುಕು ಎಳೆದುಕೊಳ್ಳಬೇಕು, ಮಾತಾಡುವಂತಿಲ್ಲ. ಹೇಳಬೇಕಾದದ್ದನ್ನು ಕಟ್ಟಿಹಾಕಿದ ಆಡಿಗೆ ಹೇಳಿದಳು. "ನೋಡೇ, ಈ ಮನೆ ಗಂಡಸ್ರಿಗೆ ಇನ್ಮೇಲೆ ಹಾಲಂದ್ರೆ ಚಹಾಕ್ಕೆ ಮಾತ್ರ. ನೀನು ಹಾಲು ಕೊಡೋದು ಕಮ್ಮಿ ಮಾಡು, ಅಷ್ಟು ಸಾಕಾಗತ್ತೆ."

ಆಂಬಾರಾಮ ಎದ್ದು ಹೋದ. ಬಾಗಿಲಲ್ಲಿ ಇಟ್ಟಿದ್ದ ನೀರನ್ನು ಮುಟ್ಟಲಿಲ್ಲ. ನಮ್ಮ ಕಡೆ ಒಬ್ಬರ ಬಾಗಿಲಲ್ಲಿ ನೀರು ಮುಟ್ಟದೆ ಹೋಗುವುದು ಎಂದರೆ ಆ ಮನೆಯ ಋಣ ಕಡಿದುಕೊಂಡ ಹಾಗೆ. ಹಡಮತ ಲಂಚ ತಿಂದ ಎಂದು ಊರೆಲ್ಲಾ ಸುದ್ದಿಯಾಯಿತು. ಅವನು ಅದನ್ನು ಅಲ್ಲಗಳೆಯಲಿಲ್ಲ. "ಹಾಗೇ ಅಂದ್ಕೊಳ್ಳಲಿ ಅಣ್ಣ," ಅಂದ ನನ್ನ ಹತ್ತಿರ. "ಆಯಿ ಹೆಸರು ಹೇಳೋಕೆ ನಾಚ್ಕೊಂಡೆ ಅಂತ ಹೆಂಗೆ ಹೇಳಲಿ? ತಿಂದೆ ಅನ್ನೋದೇ ಸಲೀಸು."

ನಕ್ಷೆಯ ಮೇಲೆ ತಕರಾರು ಇದ್ದರೆ ಹದಿನೈದು ದಿನದೊಳಗೆ ತಹಸೀಲ್ದಾರರ ಮುಂದೆ ಹೇಳಬಹುದು ಎಂದು ಪಂಚಾಯಿತಿ ಗೋಡೆಗೆ ಚೀಟಿ ಅಂಟಿಸಿದ್ದರು. ದಿನ ಒಂದೊಂದೇ ಹೋಯಿತು. ಅವನು ಬಾವಿಯ ಹತ್ತಿರ ಆ ಸದ್ದು ಕೇಳಿದ್ದು ಹದಿನಾಲ್ಕನೆಯ ದಿನದ ರಾತ್ರಿ.

ಸಾವಿನ ಮನೆಯಲ್ಲಿ ಅಫೀಮಿನ ನೀರು ಕೊಟ್ಟಿರುತ್ತಾರೆ, ಅದರ ಅಮಲು ಅನ್ನುತ್ತೀರಾ? ಹಡಮತ ಮರ್ಯಾದೆಗೆ ತುಟಿಗೆ ಸೋಕಿಸಿ ಬಿಡುವವನು. ಅವತ್ತೂ ಅಷ್ಟೇ.

ಪಿಸ್... ಪಿಸ್... ಪಿಸ್...

ಸದ್ದು ಮುಂದೆ ಮುಂದೆ ಹೋಗುತ್ತಿತ್ತು. ಅವನು ನಿಂತ. ಸದ್ದು ನಿಲ್ಲಲಿಲ್ಲ. ನಕ್ಷತ್ರದ ಬೆಳಕಿನಲ್ಲಿ ಮರಳ ಮೇಲೆ ಒಂದು ಬಿಳಿಯ ಗೆರೆ ಕಂಡಿತು, ಬೆರಳಗಲದ್ದು, ಇನ್ನೂ ಇಂಗುತ್ತಿದ್ದದ್ದು. ಗೆರೆಯ ತುದಿಯಲ್ಲಿ ಯಾರೋ ಬೆನ್ನು ಬಗ್ಗಿಸಿ ನಡೆಯುತ್ತಿದ್ದರು. ಕಾಲಿನ ಬೆಳ್ಳಿ ಕಡಗದ ಸದ್ದು ಬರುತ್ತಿತ್ತು. ಟೊಳ್ಳು ಕಡಗ, ಒಳಗೆ ಒಂದೇ ಒಂದು ಹರಳು. ಕಳಕ್... ಹೆಜ್ಜೆ... ಕಳಕ್... ಹೆಜ್ಜೆ.

ಯಾರ ಮನೆಯ ಮುದುಕಿಯೋ, ದಾರಿ ತಪ್ಪಿ ಬಂದಿದ್ದಾಳೆ ಅಂದುಕೊಂಡ.

"ಯಾರು?" ಅಂದ.

"ನಡಿ... ನಡೀತಾ ಮಾತಾಡು," ಅಂದಳು ಮುದುಕಿ. ತಿರುಗಲಿಲ್ಲ. "ನಿಲ್ಲೋಕೆ ಬರಲ್ಲ."

"ಎಲ್ಲಿಗೆ ಅಜ್ಜಿ?"

"ಕೂಡಿಸ್ಬೇಕು."

ಹಡಮತ ಹಿಂದೆ ನಡೆದ. ಕಾಲು ತಾನಾಗಿ ನಡೆಯಿತು ಎಂದ. ಬಾವಿಯ ಹಿಂದೆ, ಬನ್ನಿ ಮರಗಳ ಹೊರಸುತ್ತಿನಲ್ಲಿ, ಮುಳ್ಳುಗಂಟಿಯ ಪಕ್ಕ. ಒಂದು ಹೆಜ್ಜೆಯೂ ತಪ್ಪದ ಡುಬ್ಬದ ದಾರಿ. ಹನ್ನೊಂದು ವರ್ಷ ಅವನೇ ನಡೆದದ್ದು.

"ಕೈ ಸೋತಿದೆ ಮಗಾ," ಅಂದಳು. "ಸ್ವಲ್ಪ ಹಿಡಿ."

ಗಿಂಡಿ ಹಿಡಿಯಬೇಕಾದರೆ ಬರಿಗಾಲಾಗಬೇಕು. ಹಡಮತ ಕೂತು ಲಾಡಿಗೆ ಕೈ ಹಾಕಿದ. ಗಂಟು ಬಿಚ್ಚಲಿಲ್ಲ. ಎಳೆದ. ಉಗುರು ಹಾಕಿದ. ಹಲ್ಲಿನಿಂದ ಕಚ್ಚಿದ. ಕಳಕ್... ಕಳಕ್... ಅವಳು ದೂರವಾಗುತ್ತಿದ್ದಳು.

"ಬಿಚ್ತಾ ಇಲ್ಲ ಅಜ್ಜಿ... ನಿಲ್ಲಿ... ಬಿಚ್ತಾ ಇಲ್ಲ..."

"ಅವತ್ತು ಹಗಲು ಇತ್ತಲ್ಲಪ್ಪ, ಬಿಚ್ಬಹುದಿತ್ತು," ಅಂದಳು. ಬೈದ ಹಾಗಲ್ಲ. ಮನೆಯ ಹಿರಿಯಳು ಬೇಸರದಲ್ಲಿ ಹೇಳಿದ ಹಾಗೆ.

ಎದ್ದು ಬೂಟುಗಾಲಲ್ಲೇ ಓಡಿದ. ಡುಬ್ಬ ಮುಗಿದು ದಿಬ್ಬದ ಬುಡ ಬಂದಿತ್ತು. ಅಲ್ಲಿ ಸುಣ್ಣ ಬಳಿದ ಕಲ್ಲು. ಕಲ್ಲಿನ ಮುಂದೆ ಅವಳು ನಿಂತಿದ್ದಳು. ಧಾರೆ ನಿಂತಿತ್ತು. ಗಾಳಿಗಿರಣಿಯ ಸದ್ದೂ ನಿಂತಿತ್ತು ಎಂದ. ಅವಳು ಕಾಲಿನಿಂದ ಮರಳು ತಡವುತ್ತಿದ್ದಳು, ಕತ್ತಲಲ್ಲಿ ಬಾಗಿಲು ಹುಡುಕುವವರ ಹಾಗೆ.

"ಇಲ್ಲೇ ಕೂಡ್ಬೇಕಿತ್ತು," ಅಂದಳು. "ಇಲ್ಲೇ ಇತ್ತು."

ಹಡಮತ ತಲೆ ಬಗ್ಗಿಸಿ ನೆಲ ನೋಡಿದ.

"ಕೂಡ್ತಾ ಇಲ್ಲ. ಮತ್ತೆ ಮೊದಲಿಂದ." ಅವಳು ತಿರುಗಿದಳು. ಮುಖ ಕಂಡಿತೇ ಎಂದು ನಾನು ಕೇಳಿದೆ. ಅವನು ನೆಲ ನೋಡುತ್ತಿದ್ದನಂತೆ. ಮುಖ ಎತ್ತಲು ಆಗಲಿಲ್ಲವಂತೆ. ಹೆದರಿಕೆಯಿಂದಲ್ಲ ಅಣ್ಣ, ಅಂದ.

"ಎಷ್ಟು ದಿನದಿಂದ ಅಜ್ಜಿ?"

"ಹದಿನಾಲ್ಕು."

ಕಳಕ್... ಹೆಜ್ಜೆ... ಕಳಕ್... ಸದ್ದು ಅವನ ಪಕ್ಕದಲ್ಲೇ ಹಾದು ಬಾವಿಯ ಕಡೆ ಹೋಯಿತು. ಮತ್ತೆ ಧಾರೆ ಶುರುವಾಯಿತು. ಪಿಸ್... ಪಿಸ್...

ನನ್ನ ಬಾಗಿಲು ಬಡಿದಾಗ ಗಂಟೆ ಒಂದು. ಒಳಗೆ ಬಂದವನಿಗೆ ನೀರು ಕೊಟ್ಟೆ. ಎಲ್ಲವನ್ನೂ ಹೇಳಿದ. ನಾನು ಚಿಮಣಿ ದೀಪ ಹತ್ತಿರ ಹಿಡಿದು ಅವನ ಕಾಲು ನೋಡಿದೆ. ಎರಡು ಬೂಟಿನ ಲಾಡಿಯೂ ಬಿಚ್ಚಿ ಇಬ್ಬದಿಗೆ ಜೋತುಬಿದ್ದಿತ್ತು. ಗಂಟೇ ಇರಲಿಲ್ಲ.

"ನಾಳೆ ಕೊನೇ ದಿನ," ಅಂದ. "ಹೋಗಿ ಹೇಳ್ಬಿಡ್ತೀನಿ. ತಪ್ಪು ನಡೆದೆ ಅಂತೀನಿ. ಯಾಕೆ ಅಂತ ಕೇಳಿದ್ರೆ ಅದನ್ನೂ ಹೇಳ್ತೀನಿ. ನಗೋರು ನಗಲಿ. ನೀನೂ ಬಾ ಅಣ್ಣ. ನೀನೂ ಸಹಿ ಹಾಕಿದೀಯ."

"ಬರ್ತೀನಿ," ಅಂದೆ.

ಬೆಳಗಿನ ಬಸ್ಸು ಏಳಕ್ಕೆ. ಐದೂವರೆಗೆ ಬಂದು ಕರೆದ. ನಾನು ಸ್ನಾನ ಮಾಡಿ ಗುಡಿಗೆ ಹೊರಟಿದ್ದೆ. ಗುಡಿಯ ದೀಪ ನನ್ನ ಪಾಲಿನ ಸೇವೆ. ಊರಿನ ಮಕ್ಕಳು ನನ್ನ ಕಾಲಿಗೆ ಬೀಳುತ್ತಾರೆ, ಮದುವೆಯ ಮುಹೂರ್ತ ಕೇಳುತ್ತಾರೆ. ತಾಯಿಯ ಗುಡಿಯಲ್ಲಿ ಕೂರುವವನು ತಾಯಿಯನ್ನು ಕಂಡು ನಕ್ಕವರ ಜೊತೆ ನಕ್ಕ ಎಂದು ನನ್ನ ಬಾಯಿಂದಲೇ ಹೇಳಬೇಕಿತ್ತು.

"ನೀನು ಮುಂದೆ ಹೋಗಿರು," ಅಂದೆ. "ದೀಪ ಹಚ್ಚದೆ ಹೇಗೆ ಬರಲಿ? ಹನ್ನೊಂದರ ಬಸ್ಸಿಗೆ ಬರ್ತೀನಿ."

ಅವನು ನನ್ನ ಮುಖ ನೋಡಿದ. "ಆಯ್ತು," ಅಂದ.

ಹನ್ನೊಂದರ ಬಸ್ಸು ಹೋಯಿತು. ನಾನು ಗುಡಿಯಲ್ಲಿದ್ದೆ. ಎರಡು ಗಂಟೆಗೆ ಫೋನು ಬಡಿಯಿತು. ಹಡಮತ. ದೀಪದ ಪಕ್ಕದಲ್ಲಿ ಅದು ನಡುಗುತ್ತಾ ಜರುಗುತ್ತಾ ಇತ್ತು... ಜುರ್ರ್... ಜುರ್ರ್... ಮಗುಚಿ ಇಟ್ಟೆ. ಮೂರಕ್ಕೆ ಮತ್ತೆ. ಮೂರೂವರೆಗೆ ಮತ್ತೆ. ಆಗ ನಾನು ಗಂಟೆ ಎತ್ತಿಕೊಂಡು ಆರತಿ ಶುರುಮಾಡಿದೆ. ಹೊತ್ತಲ್ಲದ ಹೊತ್ತಿನಲ್ಲಿ. ಅದು ಬಡಿಯುವಷ್ಟು ಹೊತ್ತೂ ಗಂಟೆ ಬಾರಿಸಿದೆ. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಹೆಂಗಸರು ನಿಂತು ಕೈಮುಗಿದರು. "ಏನು ಭಕ್ತಿ," ಅಂದಳು ಒಬ್ಬಳು.

ತಹಸೀಲ್ದಾರರು ಕೆಟ್ಟವರಾಗಿರಲಿಲ್ಲ. ಹಡಮತ ತುಂಬಿದ ಕಚೇರಿಯಲ್ಲಿ ನಿಂತು ಹೇಳಿದನಂತೆ, ಬೂಟಿನ ಮಾತು, ಹಾಲಿನ ಮಾತು, ನಾಚಿಕೆಯ ಮಾತು. ಯಾರೂ ನಗಲಿಲ್ಲವಂತೆ. ಬರಿಗಾಲಲ್ಲಿ ಹೋಗಿದ್ದನಂತೆ. ತಹಸೀಲ್ದಾರರು ನಕ್ಷೆ ತೆಗೆಸಿ ನೋಡಿ ಹೇಳಿದರಂತೆ: "ಇಲ್ಲಿ ಎರಡು ಸಹಿ ಇದೆ ಠಾಕೂರ್‌ಸಾ. ನೀವೊಬ್ರೇ ತಪ್ಪು ಅಂದ್ರೆ ನಾಳೆ ಅವರು ಸರಿ ಅಂತಾರೆ. ಇನ್ನೊಬ್ಬರನ್ನ ಕರೆಸಿ. ಐದು ಗಂಟೆ ತನಕ ಕೂತಿರ್ತೀನಿ." ಐದೂವರೆಯ ತನಕ ಕೂತಿದ್ದರಂತೆ.

ರಾತ್ರಿ ಹಡಮತ ನನ್ನ ಅಂಗಳದ ಮುಂದೆ ಹಾದುಹೋದ. ಒಳಗೆ ಬರಲಿಲ್ಲ. ಬೇಲಿಯ ಆಚೆಯಿಂದ ಒಂದೇ ಮಾತು ಕೇಳಿದ.

"ಪೂಜೆ ಆಯ್ತಾ ಅಣ್ಣ?"

ಅಷ್ಟೇ. ಅವನು ನನ್ನ ಹೆಸರನ್ನು ಊರಲ್ಲಿ ಯಾರಿಗೂ ಹೇಳಲಿಲ್ಲ. ಪಂಚನ ಸಹಿ ಇತ್ತು ಎಂಬುದನ್ನೂ ಎತ್ತಲಿಲ್ಲ. ಊರಿನ ದೃಷ್ಟಿಯಲ್ಲಿ ನೀರಿನ ತಂಬಿಗೆ ಹಿಡಿದು ಹಿಂದೆ ಹೋಗಿ ಮೋಸ ಹೋದವನು ನಾನು, ಮಾರಿಕೊಂಡವನು ಅವನು. ಚೈತ್ರದಲ್ಲಿ ತಂತಿಬೇಲಿ ಬಂತು. ಬನ್ನಿ ಮರಗಳನ್ನು ಯಂತ್ರದಿಂದ ಕಿತ್ತರು. ಎರಡು ದಿನ ಆ ಸದ್ದು ಊರಿಗೆ ಕೇಳಿಸಿತು, ಬೇರು ಕಿತ್ತು ಬರುವಾಗ ಒದ್ದೆ ಬಟ್ಟೆ ಹರಿದ ಹಾಗೆ. ಬಾವಿಯ ಮೇಲೆ ಸಿಮೆಂಟಿನ ಮುಚ್ಚಳ ಹಾಕಿದರು. ನೆಲದ ತುಂಬ ಕಪ್ಪು ಗಾಜಿನ ಹಲಗೆಗಳು ಸಾಲಾಗಿ ನಿಂತವು.

ಕಾರ್ತಿಕ ಬಂದಾಗ ಊರು ಸೇರಿ ಹಡಮತನ ಕೈಯಿಂದ ಗಿಂಡಿ ತೆಗೆದುಕೊಂಡಿತು. ನನಗೆ ಕೊಟ್ಟಿತು. ಆಂಬಾರಾಮನೇ ತಂದು ನನ್ನ ಕೈಗಿಟ್ಟ. "ನೀವೊಬ್ರು ಉಳಿದಿದೀರಿ ಬಾಪಜೀ," ಅಂದ. ನಾನು ತೆಗೆದುಕೊಂಡೆ. ಆಗ ಹೇಳಬಹುದಿತ್ತು... ಎದುರಿಗೆ ಇಡೀ ಊರು ಇತ್ತು, ಹಡಮತನೂ ಹಿಂದೆ ಗೋಡೆಗೆ ಒರಗಿ ನಿಂತಿದ್ದ. ತೆಗೆದುಕೊಂಡೆ. ಬರಿಗಾಲಲ್ಲಿ ನಡೆದೆ. ಪಶ್ಚಿಮಕ್ಕೆ ಬಂದಾಗ ತಂತಿಬೇಲಿ ಅಡ್ಡ ಬಂತು. ಬೇಲಿಯ ಪಕ್ಕದಲ್ಲಿ ನೆಟ್ಟಗೆ ಹಾಲು ಹೊಯ್ಯುತ್ತಾ ಹೋದೆ, ಆ ಸುಣ್ಣದ ಕಲ್ಲಿನಿಂದ ಈ ಸುಣ್ಣದ ಕಲ್ಲಿನ ತನಕ. ಧಾರೆ ಎಲ್ಲಿಯೂ ಕಡಿಯಲಿಲ್ಲ. ಊರು ಮೆಚ್ಚಿತು.

ಅದಾದ ನಾಲ್ಕನೆಯ ಬೆಳಗ್ಗೆ ಕಂಪನಿಯ ರಾತ್ರಿ ಕಾವಲಿನವನು ನನ್ನ ಅಂಗಳಕ್ಕೆ ಬಂದ. ಬಿಂದೇಸರ ಎಂದು ಹೆಸರು, ಬಿಹಾರದ ಕಡೆಯವನು, ಬಂದು ಎಂಟು ದಿನವಾಗಿತ್ತು. ನಮ್ಮೂರಿನಲ್ಲಿ ಯಾರ ಪರಿಚಯವೂ ಅವನಿಗಿಲ್ಲ.

"ಬಾಬಾ, ಗುಮಾನಿಯೋ ಅಂದ್ರೆ ಯಾರು?" ಅಂದ. "ಅಂಗಡೀಲಿ ಕೇಳಿದೆ, ಯಾರಿಗೂ ಗೊತ್ತಿಲ್ಲ. ಗುಮಾನ ಸಿಂಗರು ಅಂತ ಗುಡಿಯವರು ಒಬ್ರಿದಾರೆ, ಕೇಳಿ ನೋಡು ಅಂದ್ರು."

ನನ್ನನ್ನು ಗುಮಾನಿಯೋ ಎಂದು ಕರೆಯುತ್ತಿದ್ದವಳು ನನ್ನ ತಾಯಿ ಒಬ್ಬಳೇ. ಅವಳು ಹೋಗಿ ಮೂವತ್ತೆರಡು ವರ್ಷ. ಹಡಮತನಿಗೂ ಆ ಹೆಸರು ತಿಳಿಯದು, ಅವನು ಆಗ ಹುಟ್ಟಿರಲಿಲ್ಲ.

"ಯಾಕೆ?" ಅಂದೆ.

"ರಾತ್ರಿ ಒಂದು ಮುದುಕಿ ಬಂದು ಕೇಳ್ತು. ಪಾಪ, ಚಳೀಲಿ ಬರಿಗಾಲು. ಹಲಗೆಗಳ ನಡುವೆ ಓಡಾಡ್ತಿತ್ತು. ಇಲ್ಲಿಗೆಲ್ಲಾ ಬರಬಾರದಜ್ಜಿ ಅಂದೆ. ಗುಮಾನಿಯೋನ ಕೈಗೆ ಈಗ ಗಿಂಡಿ ಬಂದಿದೆಯಂತೆ, ಅವನಿನ್ನೂ ಬಂದಿಲ್ವಾ ಅಂತು. ನಿಮ್ಮ ಕಡೆಯವರಾದ್ರೆ ರಾತ್ರಿ ಹೊರಗೆ ಬಿಡಬೇಡಿ ಬಾಬಾ. ತಂತೀಲಿ ಕರೆಂಟಿದೆ."

ಅವನಿಗೆ ಮಜ್ಜಿಗೆ ಕೊಟ್ಟು ಕಳಿಸಿದೆ. ಆ ಹೊತ್ತೇ ಹಡಮತನ ಮನೆಗೆ ಹೋಗಿ ಬಾಗಿಲಲ್ಲಿ ನಿಂತೆ. ಅವನು ಒಳಗೆ ಕರೆಯಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನಾನು ನಕ್ಕದ್ದನ್ನೂ ಸಹಿ ಮಾಡಿದ್ದನ್ನೂ ಆಂಬಾರಾಮನಿಗೆ ಹೇಳಿದ್ದೇನೆ. ಪಂಚಾಯಿತಿಯಲ್ಲಿ ಸೋಮವಾರ ಹೇಳಬೇಕು. ಹೇಳಿದರೆ ಈಗ ಏನಾದೀತು, ನನಗೆ ತಿಳಿಯದು. ಬೇಲಿ ಎದ್ದುಹೋಗುವುದಿಲ್ಲ. ಮರ ಬರುವುದಿಲ್ಲ. ಆದರೂ ಬರೆದಿಟ್ಟಿದ್ದೇನೆ, ಸೋಮವಾರ ನನ್ನ ನಾಲಗೆ ಮತ್ತೆ ಒಳಗೆ ಹೋದರೆ ಯಾರಾದರೂ ಓದಲಿ ಎಂದು.

ಇದು ನಡೆದದ್ದು. ನಂಬದವರು ಕಂಪನಿಯ ಗೇಟಿಗೆ ಹೋಗಿ ಕೇಳಬಹುದು. ಒಳಗೆ ಯಾರು ಬಂದರೂ ಬರೆದಿಡಬೇಕು ಎಂದು ಅಲ್ಲಿ ಒಂದು ಪುಸ್ತಕವಿದೆ. ಬಿಂದೇಸರ ನಿಯಮ ತಪ್ಪದ ಹುಡುಗ, ಅವಳನ್ನೂ ಬರೆದಿದ್ದಾನೆ. ನಾನೇ ಹೋಗಿ ನೋಡಿದೆ. ಬಂದ ಹೊತ್ತು, ಎರಡು ಗಂಟೆ ಹತ್ತು ನಿಮಿಷ. ಹೆಸರು, ಹಂಜಾ. ಯಾರನ್ನು ಕಾಣಬೇಕು, ಗುಮಾನಿಯೋ. ಗೇಟಿಗೆ ಬೀಗ ಇತ್ತು ಎಂದು ಪಕ್ಕದಲ್ಲಿ ಸಣ್ಣದಾಗಿ ಬರೆದಿದ್ದಾನೆ. ಹೊರಗೆ ಹೋದ ಹೊತ್ತು ಎಂಬ ಕಡೆ ಏನೂ ಬರೆದಿಲ್ಲ.